ಸಮುದ್ರದ ತಳದ ಕೆಸರು, ಅದರಲ್ಲೊಂದು ಹೊಸ ಹೆಸರು

(1/5)
ಜನ್ನಾಪುರದ ಗೆಳೆಯರೇ, ಒಂದು ಪ್ರಶ್ನೆ. ಎರಡು ಉಕ್ಕಿನ ಸರಳು ನೋಡೋಕೆ ಒಂದೇ ತರ ಇದ್ದರೆ ಅವೆರಡೂ ಒಂದೇ ಉಕ್ಕಾ? ನಮ್ಮ ಭದ್ರಾವತಿ 1923ರಿಂದ ಕಬ್ಬಿಣ ಕರಗಿಸಿದ ಊರು. ಕಾರ್ಖಾನೆಯಲ್ಲಿ ದುಡಿದವರು ನಿಮ್ಮನೇಲಿದ್ರೆ ಕೇಳಿ ನೋಡಿ. ಲ್ಯಾಬ್‌ನಲ್ಲಿ ಕಾರ್ಬನ್ ಎಷ್ಟು, ಕ್ರೋಮಿಯಂ ಎಷ್ಟು ಅಂತ ನೋಡದೆ ಗ್ರೇಡ್ ಹೇಳೋಕಾಗಲ್ಲ. ಬ್ಯಾಕ್ಟೀರಿಯಾ ವಿಷಯದಲ್ಲೂ ಹೀಗೇ. ಆದರೆ ಇದು ಅರ್ಥವಾಗೋಕೆ ವಿಜ್ಞಾನಕ್ಕೆ ನೂರು ವರ್ಷ ಹಿಡಿಯಿತು.

(2/5)
1872ರಲ್ಲಿ ಜರ್ಮನಿಯ ಫರ್ಡಿನಾಂಡ್ ಕೋನ್ ಬ್ಯಾಕ್ಟೀರಿಯಾಗಳನ್ನು ಆಕಾರ ನೋಡಿ ವಿಂಗಡಿಸಿದರು: ಗುಂಡಗಿರೋದು, ಕಡ್ಡಿ ತರ ಇರೋದು, ಸುರುಳಿ ಸುತ್ತಿರೋದು. 1923ರಲ್ಲಿ, ಅಂದ್ರೆ ನಮ್ಮೂರಲ್ಲಿ ಕಬ್ಬಿಣ ಹರಿದ ವರ್ಷವೇ, ಅಮೆರಿಕದಲ್ಲಿ ಬರ್ಗೀಸ್ ಮ್ಯಾನ್ಯುಯಲ್ ಅನ್ನೋ ಕೈಪಿಡಿ ಬಂತು. ಯಾವ ಬಣ್ಣ ಹಿಡಿಯುತ್ತೆ, ಯಾವ ಸಕ್ಕರೆ ತಿನ್ನುತ್ತೆ ಅಂತ ನೋಡಿ ಹೆಸರು ಹೇಳೋ ಪದ್ಧತಿ ಗಟ್ಟಿಯಾಯಿತು. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ದಾರಿಯನ್ನೇ ಬದಲಿಸಿದರು. ಎಲ್ಲ ಜೀವಿಗಳಲ್ಲೂ ಪ್ರೊಟೀನ್ ತಯಾರಿಸೋ ರೈಬೋಸೋಮ್ ಇದೆ. ಅದರ ಆರ್‌ಎನ್‌ಎಯ ಅಕ್ಷರಗಳನ್ನು ಹೋಲಿಸಿದರೆ ಯಾರಿಗೆ ಯಾರು ನೆಂಟರು ಅಂತ ಗೊತ್ತಾಗುತ್ತೆ. 1980ರಲ್ಲಿ ಹಳೆಯ ಹೆಸರುಗಳ ರಾಶಿಯನ್ನೆಲ್ಲ ಜರಡಿ ಹಿಡಿದು ಒಪ್ಪಿತ ಪಟ್ಟಿ ಮಾಡಿದರು.

(3/5)
ಈಗ ಸಮುದ್ರಕ್ಕೆ ಇಳಿಯೋಣ. ನಮ್ಮ ಕರಾವಳಿಯಿಂದ ಪಶ್ಚಿಮಕ್ಕಿರೋ ಲಕ್ಷದ್ವೀಪ ಒಂದು ಉದ್ದದ ಬೆಟ್ಟಸಾಲಿನ ತುದಿ. ಅದು ನೀರಿನೊಳಗೇ ಮಾಲ್ಡೀವ್ಸ್ ದಾಟಿ ಚಾಗೋಸ್‌ವರೆಗೆ ಹೋಗುತ್ತೆ. ಈ ಭಾಗದಲ್ಲಿ ಸುಮಾರು 5,900 ಮೀಟರ್ ಆಳದ ಕೆಸರನ್ನು ಮೇಲೆ ತಂದರು. ಎಷ್ಟು ಆಳ ಗೊತ್ತಾ? 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನು ಒಂದರ ಮೇಲೊಂದು ಮೂರು ಸಲ ಇಟ್ಟರೂ ತುದಿ ನೀರಿನಿಂದ ಹೊರಗೆ ಬರಲ್ಲ! ಆ ಕೆಸರಿನಿಂದ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಒಂದು ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಬೆಳೆಸಿದರು. ಜೀನ್, ಕೋಶಭಿತ್ತಿ, ಕೊಬ್ಬಿನಾಮ್ಲ, ಎಲ್ಲ ಪರೀಕ್ಷಿಸಿ ಹತ್ತಿರದ ನೆಂಟರ ಪಕ್ಕ ಇಟ್ಟು ನೋಡಿದರು. ಗೊತ್ತಿದ್ದ ಯಾವ ಕುಲಕ್ಕೂ ಹೊಂದಲಿಲ್ಲ. 2009ರಲ್ಲಿ ಹೊಸ ಜಾತಿ ಮಾತ್ರವಲ್ಲ, ಹೊಸ ಕುಲವೇ ಪ್ರಕಟವಾಯಿತು: ಭಾರ್ಗವಿಯಾ ಸೆಸೆಂಬೆನ್ಸಿಸ್. ಮೊದಲ ಪದ ಸಿಸಿಎಂಬಿ ಕಟ್ಟಿದ ಪುಷ್ಪಾ ಮಿತ್ರ ಭಾರ್ಗವ ಅವರ ಹೆಸರಿನಿಂದ ಬಂದದ್ದು. ಎರಡನೆಯದನ್ನು ಮೆಲ್ಲಗೆ ಓದಿ, ಸಿ-ಸಿ-ಎಂ-ಬಿ ಕೇಳಿಸುತ್ತೆ.

(4/5)
ಹೆಸರಿಟ್ಟ ಮಾತ್ರಕ್ಕೆ ಮುಗೀತಾ? ಇಲ್ಲ. ನಿಯಮದ ಪ್ರಕಾರ ಆ ತಳಿಯನ್ನು ಜೀವಂತವಾಗಿ ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು. ಯಾಕಂದ್ರೆ "ಇದು ಹೊಸದು" ಅಂತ ನಾನು ಹೇಳಿದ್ರೆ, "ಕೊಡಿ, ನಾವೂ ನೋಡ್ತೀವಿ" ಅನ್ನೋ ಹಕ್ಕು ಬೇರೆಯವರಿಗೆ ಇರಬೇಕು. ಜೀವಂತ ಮಾದರಿ ಇಲ್ಲದಿದ್ರೆ ಪರೀಕ್ಷಿಸೋಕೆ ಏನೂ ಇರಲ್ಲ, ನಂಬಬೇಕಷ್ಟೆ.

(5/5)
ಆ ಹಕ್ಕು ಬಳಕೆಗೆ ಬಂದದ್ದು ಹೀಗೆ. 2009ರಲ್ಲೇ ಚೀನಾದಲ್ಲಿ ಜಿನ್‌ಸೆಂಗ್ ಬೇರಿನಿಂದ ಎರಡು ಬ್ಯಾಕ್ಟೀರಿಯಾ ಸಿಕ್ಕಿ, ಬ್ಯಾಸಿಲಸ್ ಕುಲಕ್ಕೆ ಸೇರಿದ್ದವು. ಭಾರತ ಮತ್ತು ಕೊರಿಯಾದ ವಿಜ್ಞಾನಿಗಳು ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸಿದಾಗ ಆ ಎರಡೂ ನಮ್ಮ ಸಮುದ್ರತಳದ ಭಾರ್ಗವಿಯಾದ ನೆಂಟರು ಅಂತ ತಿಳಿಯಿತು. 2012ರಲ್ಲಿ ಅವುಗಳ ಕುಲನಾಮ ಬದಲಾಯಿತು, ಭಾರ್ಗವಿಯಾ ಕುಲದ ವಿವರಣೆಯನ್ನೂ ತಿದ್ದಿದರು. 2013ರಲ್ಲಿ ಅರಬ್ಬೀ ಸಮುದ್ರದ ಕೆಸರಿನಿಂದ ಭಾರ್ಗವಿಯಾ ಇಂಡಿಕಾ ಕೂಡ ಸೇರಿತು. ಕಡಲ ತಳದ ಜೀವಿಯ ಸೋದರರು ಗಿಡದ ಬೇರಿನೊಳಗೆ!

ಇನ್ಮೇಲೆ "ಹೊಸ ಬ್ಯಾಕ್ಟೀರಿಯಾ ಪತ್ತೆ" ಅಂತ ಸುದ್ದಿ ಬಂದ್ರೆ ಶೇರ್ ಮಾಡೋ ಮುಂಚೆ ಮೂರು ಪ್ರಶ್ನೆ ಕೇಳಿ: ಯಾವುದರ ಜೊತೆ ಹೋಲಿಸಿದರು? ಎಲ್ಲಿ ಪ್ರಕಟಿಸಿದರು? ಜೀವಂತ ಮಾದರಿ ಎಲ್ಲಿದೆ? ಪಿಯುಸಿ ಮುಗಿಸಿ ಮೈಕ್ರೋಬಯಾಲಜಿ ಓದೋ ಯೋಚನೆ ಇರೋರು ಇದನ್ನ ಸೇವ್ ಮಾಡ್ಕೊಳ್ಳಿ. ಕುವೆಂಪು ವಿಶ್ವವಿದ್ಯಾಲಯ ಇಲ್ಲೇ ಶಂಕರಘಟ್ಟದಲ್ಲಿದೆ, ದೂರವೇನಿಲ್ಲ.

#ಜನ್ನಾಪುರ #ಭದ್ರಾವತಿ #ವಿಜ್ಞಾನದಇತಿಹಾಸ