ಕೊಳವೆಯ ಆ ತುದಿ

2012ರ ಜನವರಿಯಲ್ಲಿ ದಕ್ಷಿಣ ಸುಡಾನ್ ತನ್ನ ಎಣ್ಣೆಬಾವಿಗಳನ್ನು ತಾನೇ ಮುಚ್ಚಿತು. ಆ ದೇಶ ಹುಟ್ಟಿ ಆಗಿನ್ನೂ ಏಳು ತಿಂಗಳು ತುಂಬಿರಲಿಲ್ಲ. ದಿನಕ್ಕೆ ಸುಮಾರು 3.5 ಲಕ್ಷ ಬ್ಯಾರೆಲ್ ಕಚ್ಚಾತೈಲ ತೆಗೆಯುತ್ತಿತ್ತು, ಸರಕಾರದ ವರಮಾನದಲ್ಲಿ ಶೇ 98ರಷ್ಟು ಅದರಿಂದಲೇ ಬರುತ್ತಿತ್ತು. ಉಣ್ಣುವ ತಟ್ಟೆಯನ್ನು ತಾನೇ ಮಗುಚಿ ಹಾಕಿದಂತೆ. ಹೊರಗಿನ ಅರ್ಥಶಾಸ್ತ್ರಜ್ಞರಿಗೆ ಇದು ಹುಚ್ಚಾಟವಾಗಿ ಕಂಡಿತು. ಜೂಬಾದಲ್ಲಿ ಮಾತ್ರ ಈ ತೀರ್ಮಾನಕ್ಕೆ ದೊಡ್ಡ ಬೆಂಬಲವಿತ್ತು.

ಆಫ್ರಿಕಾದ ತೈಲ ರಾಜಕಾರಣದ ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ನನಗೆ ಸೆಮಿನಾರುಗಳಲ್ಲಿ ತಪ್ಪದೆ ಎದುರಾಗುವ ಮಾತೊಂದಿದೆ: ‘ಸಂಪನ್ಮೂಲದ ಶಾಪ’. ಎಣ್ಣೆ ಸಿಕ್ಕಿತು, ದೇಶ ಕೆಟ್ಟಿತು. ಈ ಮಾತು ನನಗೆ ಹಿಡಿಸುವುದಿಲ್ಲ. ಶಾಪ ಎಂದ ಮೇಲೆ ಕೊಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲವಲ್ಲ! ದಕ್ಷಿಣ ಸುಡಾನಿನಲ್ಲಿ ಒಂದೊಂದು ಹೆಜ್ಜೆಯನ್ನೂ ಇಟ್ಟವರಿದ್ದಾರೆ, ಅವರಿಗೆ ಹೆಸರುಗಳಿವೆ, ಇಸವಿಗಳಿವೆ.

ಅಲ್ಲಿ ದೇಶಕ್ಕಿಂತ ಮೊದಲು ಎಣ್ಣೆ ಬಂತು. 1972ರ ಅಡಿಸ್ ಅಬಾಬಾ ಒಪ್ಪಂದ ಸುಡಾನಿನ ಮೊದಲ ಅಂತರ್ಯುದ್ಧವನ್ನು ನಿಲ್ಲಿಸಿ ದಕ್ಷಿಣಕ್ಕೆ ಸ್ವಾಯತ್ತೆ ಕೊಟ್ಟಿತ್ತು. ಆ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಶೆವ್ರಾನ್ ಕಂಪನಿಗೆ ಎಣ್ಣೆ ಸಿಕ್ಕಿತು. ಅದರಲ್ಲಿ ದೊಡ್ಡ ನಿಕ್ಷೇಪಗಳು ದಕ್ಷಿಣದ ಬೆಂಟಿಯು ಸುತ್ತಮುತ್ತ ಇದ್ದವು. ಅಲ್ಲಿನ ಮುಖ್ಯ ಕ್ಷೇತ್ರದ ಹೆಸರು ‘ಯೂನಿಟಿ’, ಅಂದರೆ ಐಕ್ಯ. ಅಧ್ಯಕ್ಷ ನಿಮೇರಿಯ ಸರಕಾರ 1980ರಲ್ಲಿ ಗಡಿಯ ಗೆರೆಯನ್ನೇ ತಿದ್ದಿ ಈ ಪ್ರದೇಶವನ್ನು ಉತ್ತರಕ್ಕೆ ಸೇರಿಸಲು ನೋಡಿತು. ದಕ್ಷಿಣದವರು ಪ್ರತಿಭಟಿಸಿದಾಗ ಗೆರೆ ಉಳಿಯಿತು, ಆದರೆ ರಿಫೈನರಿಯನ್ನು ಉತ್ತರದ ಕೋಸ್ಟಿಯಲ್ಲಿ ಕಟ್ಟುವುದೆಂದಾಯಿತು. 1983ರಲ್ಲಿ ನಿಮೇರಿ ದಕ್ಷಿಣದ ಸ್ವಾಯತ್ತೆಯನ್ನೂ ಮುರಿದರು. ಬೋರ್ ಪಟ್ಟಣದಲ್ಲಿ ಸೈನಿಕರು ದಂಗೆಯೆದ್ದರು, ಜಾನ್ ಗರಾಂಗ್ ನೇತೃತ್ವದಲ್ಲಿ ಎಸ್‌ಪಿಎಲ್‌ಎ ಹುಟ್ಟಿತು. 1984ರ ಫೆಬ್ರವರಿಯಲ್ಲಿ ಶೆವ್ರಾನ್ ನೆಲೆಯ ಮೇಲೆ ಬಂಡುಕೋರರ ದಾಳಿ ನಡೆದು ಮೂವರು ನೌಕರರು ಸತ್ತರು. ಕಂಪನಿ ಕೆಲಸ ನಿಲ್ಲಿಸಿತು.

ಹದಿನೈದು ವರ್ಷ ಎಣ್ಣೆ ನೆಲದಡಿಯಲ್ಲೇ ಉಳಿಯಿತು. ಆಮೇಲೆ ಚೀನಾದ ಸಿಎನ್‌ಪಿಸಿ, ಮಲೇಷ್ಯಾದ ಪೆಟ್ರೊನಾಸ್, ಕೆನಡಾದ ಟ್ಯಾಲಿಸ್ಮನ್ ಕಂಪನಿಗಳು ಸುಡಾನ್ ಸರಕಾರದ ಜೊತೆ ಕೈಜೋಡಿಸಿದವು. 1999ರಲ್ಲಿ ಸುಮಾರು 1,600 ಕಿಲೋಮೀಟರ್ ಉದ್ದದ ಕೊಳವೆ ಸಿದ್ಧವಾಗಿ, ಎಣ್ಣೆ ಕೆಂಪು ಸಮುದ್ರದ ದಡದ ಪೋರ್ಟ್ ಸುಡಾನಿಗೆ ಹರಿಯಿತು. ಎಣ್ಣೆ ಕ್ಷೇತ್ರಗಳ ಸುತ್ತಲಿನ ನುಯೆರ್ ಮತ್ತು ಡಿಂಕಾ ಹಳ್ಳಿಗಳನ್ನು ಸುಟ್ಟು ಜನರನ್ನು ಓಡಿಸಲಾಯಿತು. ಮಾನವ ಹಕ್ಕುಗಳ ಸಂಘಟನೆಗಳು ಇದನ್ನು ಊರೂರಿನ ವಿವರಗಳ ಸಮೇತ ದಾಖಲಿಸಿವೆ. ತನ್ನ ದೇಶದಲ್ಲಿ ಒತ್ತಡ ಹೆಚ್ಚಾದಾಗ ಟ್ಯಾಲಿಸ್ಮನ್ ತನ್ನ ಶೇ 25 ಪಾಲನ್ನು ಮಾರಿ ಹೊರಬಂತು.

ಕೊಂಡವರು ನಾವು. 2003ರಲ್ಲಿ ಆ ಪಾಲು ಒಎನ್‌ಜಿಸಿ ವಿದೇಶ್ ಕೈಗೆ ಬಂತು. ಅದೇ ವರ್ಷ ಒಎನ್‌ಜಿಸಿ ಮಂಗಳೂರಿನ ಎಂಆರ್‌ಪಿಎಲ್ ಅನ್ನೂ ತನ್ನದಾಗಿಸಿಕೊಂಡಿತ್ತು. ಸುಡಾನಿನ ‘ನೈಲ್’ ತೈಲದ ಹಡಗು ಆ ವರ್ಷವೇ ಮಂಗಳೂರಿಗೆ ಬಂತು. ಭಾರತ ವಿದೇಶದಲ್ಲಿ ತನ್ನದೇ ಪಾಲಿನ ಎಣ್ಣೆ ಪಡೆದು ದೇಶಕ್ಕೆ ತಂದದ್ದನ್ನು ಇಂಧನ ಭದ್ರತೆಯ ದೊಡ್ಡ ಸಾಧನೆಯಾಗಿ ಕೊಂಡಾಡಲಾಯಿತು. ಸಾಧನೆಯೇ, ಒಪ್ಪೋಣ. ಆದರೆ ಕೆನಡಾದಲ್ಲಿ ಆ ಪಾಲಿನ ಬಗ್ಗೆ ಸಂಸತ್ತು, ಚರ್ಚುಗಳು, ಷೇರುದಾರರು ವರ್ಷಗಟ್ಟಲೆ ವಾದ ಮಾಡಿದ್ದರು. ನಮ್ಮಲ್ಲಿ ಅಂಥ ವಾದ ಏಳಲಿಲ್ಲ. ‘ಶಾಪ’ದ ಕಥೆಯಲ್ಲಿ ನಮಗೂ ಒಂದು ಪಾತ್ರವಿದೆ ಎಂದು ನಾನು ಹೇಳುವುದು ಇದಕ್ಕಾಗಿ.

2005ರ ಶಾಂತಿ ಒಪ್ಪಂದ ದಕ್ಷಿಣದ ಎಣ್ಣೆಯ ಆದಾಯವನ್ನು ಜೂಬಾ ಮತ್ತು ಖಾರ್ಟೂಮ್ ನಡುವೆ ಸರಿಸುಮಾರು ಅರ್ಧರ್ಧ ಹಂಚಿತು. ಜೂಬಾಕ್ಕೆ ಒಮ್ಮೆಲೇ ಕೋಟಿಗಟ್ಟಲೆ ಡಾಲರ್ ಬಂತು, ಖರ್ಚು ಮಾಡುವ ಆಡಳಿತ ಯಂತ್ರ ಮಾತ್ರ ಇರಲಿಲ್ಲ. ಅಧ್ಯಕ್ಷ ಸಾಲ್ವಾ ಕೀರ್ ಆಗ ಮಾಡಿದ್ದನ್ನು ಬರೀ ಲೋಭ ಎಂದು ತಳ್ಳಿಹಾಕುವುದು ಸುಲಭ. 2006ರಲ್ಲಿ ಅವರು ಖಾರ್ಟೂಮ್ ಪರವಾಗಿ ಕಾದಾಡಿದ್ದ ದಕ್ಷಿಣದ ಸೇನಾನಿಗಳನ್ನೇ ತಮ್ಮ ಸೈನ್ಯಕ್ಕೆ ಸೇರಿಸಿಕೊಂಡರು. ಹುದ್ದೆ ಕೊಟ್ಟರು, ಸಂಬಳ ಕೊಟ್ಟರು. ಹೊಸದಾಗಿ ಬಂಡೆದ್ದವರಿಗೂ ಅದೇ ಮದ್ದು. ಇದರಿಂದ ದಕ್ಷಿಣ ಒಡೆಯದೆ 2011ರ ಜನಮತಗಣನೆಯವರೆಗೆ ಬಂತು, ಸುಮಾರು ಶೇ 99 ಮಂದಿ ಸ್ವಾತಂತ್ರ್ಯಕ್ಕೆ ಮತ ಹಾಕಿದರು. ಆ ಹೊತ್ತಿಗೆ ಸೈನ್ಯದಲ್ಲಿ 700ಕ್ಕೂ ಹೆಚ್ಚು ಜನರಲ್‌ಗಳಿದ್ದರು. ಎಣ್ಣೆಯ ದುಡ್ಡಿನಿಂದ ಶಾಂತಿಯನ್ನು ತಿಂಗಳ ಬಾಡಿಗೆಗೆ ಪಡೆದಂತಿತ್ತು. ಸುಡಾನ್ ತಜ್ಞ ಅಲೆಕ್ಸ್ ಡಿ ವಾಲ್ ಇದನ್ನು ನಿಷ್ಠೆಯ ಮಾರುಕಟ್ಟೆ ಎಂಬಂತೆ ವಿಶ್ಲೇಷಿಸಿದ್ದಾರೆ. ಅವರ ವಿವರಣೆಯಲ್ಲಿ ಜನಸಾಮಾನ್ಯರು ತೀರಾ ಕಾಣೆಯಾಗುತ್ತಾರೆ ಎಂಬ ತಕರಾರು ನನಗಿದ್ದರೂ, ಬಾಡಿಗೆ ನಿಂತಾಗ ಏನಾಯಿತೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ.

ಬಾಡಿಗೆ ನಿಂತದ್ದು 2012ರಲ್ಲಿ. ಬಾವಿ ದಕ್ಷಿಣದ್ದು, ಕೊಳವೆ ಮತ್ತು ಬಂದರು ಉತ್ತರದ್ದು. ಎಣ್ಣೆ ಸಾಗಿಸಲು ಖಾರ್ಟೂಮ್ ಬ್ಯಾರೆಲ್‌ಗೆ 30 ಡಾಲರ್ ಮೀರಿ ಕೇಳಿತು, ಜೂಬಾ ಒಂದು ಡಾಲರೂ ಕೊಡಲೊಲ್ಲದು. ಬಾಕಿಯ ಲೆಕ್ಕದಲ್ಲಿ ಖಾರ್ಟೂಮ್ ಬಂದರಿನಲ್ಲಿದ್ದ ಎಣ್ಣೆಯನ್ನೇ ಮುಟ್ಟುಗೋಲು ಹಾಕಿಕೊಂಡಾಗ ಬಾವಿಗಳಿಗೆ ಬೀಗ ಬಿತ್ತು. ಗಡಿ ತಿದ್ದಿದ್ದನ್ನು, ಹಳ್ಳಿ ಸುಟ್ಟಿದ್ದನ್ನು ಕಂಡ ಪೀಳಿಗೆಗೆ ಇದು ಸ್ವಾಭಿಮಾನದ ಪ್ರಶ್ನೆಯಾಗಿತ್ತು. ಅದೇ ವರ್ಷ ಕೀರ್ 75 ಮಂದಿ ಹಾಲಿ, ಮಾಜಿ ಅಧಿಕಾರಸ್ಥರಿಗೆ ಪತ್ರ ಬರೆದು, ಕಾಣೆಯಾದ ಸುಮಾರು 400 ಕೋಟಿ ಡಾಲರ್ ಹಿಂದಿರುಗಿಸಿ ಎಂದು ಕೇಳಿಕೊಂಡರು. ಜೂಬಾದಿಂದ ಉಗಾಂಡ ಗಡಿಯ ನಿಮುಲೆಗೆ 192 ಕಿಲೋಮೀಟರ್ ಡಾಂಬರು ರಸ್ತೆ ಮುಗಿದದ್ದೂ ಆ ವರ್ಷವೇ, ಅದೂ ಅಮೆರಿಕದ ನೆರವಿನಿಂದ. ಊರಿಂದೂರಿಗೆ ಹೋಗುವ ಅಂಥ ಹೆದ್ದಾರಿ ದೇಶಕ್ಕೆ ಅದೇ ಮೊದಲನೆಯದು.

2013ರ ಏಪ್ರಿಲ್‌ನಲ್ಲಿ ಎಣ್ಣೆ ಮತ್ತೆ ಹರಿಯಿತು, ಆದರೆ ಹಂಚಿ ಸಮಾಧಾನ ಮಾಡುವಷ್ಟು ದುಡ್ಡು ಇರಲಿಲ್ಲ. ಜುಲೈನಲ್ಲಿ ಕೀರ್ ಉಪಾಧ್ಯಕ್ಷ ರಿಯೆಕ್ ಮಚಾರ್ ಅವರನ್ನು ಕಿತ್ತುಹಾಕಿದರು. ಡಿಸೆಂಬರ್ 15ರ ರಾತ್ರಿ ಅಧ್ಯಕ್ಷರ ಕಾವಲುಪಡೆಯೇ ಎರಡಾಗಿ ಗುಂಡು ಹಾರಿಸಿಕೊಂಡಿತು. ಡಿಂಕಾ–ನುಯೆರ್ ಜನಾಂಗಗಳ ಗೆರೆಯಲ್ಲಿ ಕೊಲೆಗಳು ಹಬ್ಬಿದವು. 2018ರವರೆಗಿನ ಯುದ್ಧದಲ್ಲಿ ಹಸಿವು, ರೋಗಗಳೂ ಸೇರಿ ಸುಮಾರು 3 ಲಕ್ಷ 80 ಸಾವಿರ ಹೆಚ್ಚುವರಿ ಸಾವುಗಳಾದವೆಂದು ಲಂಡನ್ನಿನ ಸಂಶೋಧಕರ ಅಂದಾಜು. ಬೆಂಟಿಯು ಮತ್ತೆ ಮತ್ತೆ ಕೈಬದಲಾಯಿತು.

ಇನ್ನೊಂದು ಕೊಳವೆ ಪಲೋಚ್‌ನಿಂದ ಹೊರಡುತ್ತದೆ. ಅಲ್ಲಿನ ಎಣ್ಣೆಯಲ್ಲಿ ಮೇಣದಂಶ ಹೆಚ್ಚು, ದಾರಿಯುದ್ದಕ್ಕೂ ಬಿಸಿ ಮಾಡುತ್ತಿರದಿದ್ದರೆ ತುಪ್ಪದಂತೆ ಹೆಪ್ಪುಗಟ್ಟುತ್ತದೆ. 2023ರಲ್ಲಿ ಸುಡಾನಿನ ಸೇನಾನಾಯಕರು ತಮ್ಮತಮ್ಮಲ್ಲೇ ಯುದ್ಧ ಹೂಡಿದರು. ಕೊಳವೆ ಆ ಯುದ್ಧಭೂಮಿಯ ಮೂಲಕವೇ ಹೋಗುತ್ತದೆ. 2024ರ ಫೆಬ್ರವರಿಯಲ್ಲಿ ಅದು ಕಟ್ಟಿಕೊಂಡು ಒಡೆಯಿತು. ದೇಶದ ರಫ್ತಿನ ಬಹುಪಾಲು ಸುಮಾರು ಒಂದು ವರ್ಷ ನಿಂತಿತು, ಶಿಕ್ಷಕರು, ದಾದಿಯರು, ಸೈನಿಕರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಉಳಿದರು. ಆ ಡಿಸೆಂಬರಿನಲ್ಲಿ ಸ್ವತಂತ್ರ ದೇಶದ ಮೊಟ್ಟಮೊದಲ ಚುನಾವಣೆ ನಡೆಯಬೇಕಿತ್ತು. ಹಣ, ಸಿದ್ಧತೆ ಇಲ್ಲವೆಂದು ಅದನ್ನು 2026ರ ಡಿಸೆಂಬರಿಗೆ ಮುಂದೂಡಲಾಯಿತು.