ಬೆಟ್ಟಾ ಮೀನುಗಳ ಈಜುರೆಕ್ಕೆ ಹಾನಿ: ಗುರುತಿಸುವ ವಿಧಾನ ಹಾಗೂ ನೀರಿನ ಗುಣಮಟ್ಟ ನಿರ್ವಹಣೆ
(ಕೊಡಗು ಜಿಲ್ಲೆ, ಪೊನ್ನಂಪೇಟೆ ತಾಲ್ಲೂಕು, ಶ್ರೀಮಂಗಲ ಹೋಬಳಿಯ ಸಾಕಣೆದಾರರ ಮಾಹಿತಿಗಾಗಿ)

1. ಪೀಠಿಕೆ

ಅಂಗಡಿಗಳಲ್ಲಿ ‘ಫೈಟರ್’ ಎಂಬ ಹೆಸರಿನಿಂದ ಮಾರಾಟವಾಗುವ ಬೆಟ್ಟಾ ಮೀನು ಥಾಯ್ಲೆಂಡ್ ಮೂಲದ ಅಲಂಕಾರಿಕ ಮೀನಾಗಿರುತ್ತದೆ. ಕಿವಿರುಗಳ ಜೊತೆಗೆ ನೀರಿನ ಮೇಲ್ಮೈಯಿಂದ ನೇರವಾಗಿ ಗಾಳಿಯನ್ನು ಉಸಿರಾಡುವ ಅಂಗವನ್ನು ಇದು ಹೊಂದಿದೆ. ಈ ಕಾರಣದಿಂದ ಎಂತಹ ನೀರಿನಲ್ಲಾದರೂ ಬದುಕುತ್ತದೆಂಬ ತಪ್ಪು ಕಲ್ಪನೆ ಸಾರ್ವಜನಿಕರಲ್ಲಿದೆ. ವಾಸ್ತವದಲ್ಲಿ ನೀರು ಕೆಟ್ಟಾಗ ಮೊದಲು ಹಾಳಾಗುವುದು ಇದರ ಉದ್ದನೆಯ ಈಜುರೆಕ್ಕೆಗಳೇ. ರೆಕ್ಕೆ ಕೆಟ್ಟ ಮೀನಿಗೆ ಬೆಲೆ ಇಲ್ಲ. ಮನೆಯ ಹಿತ್ತಲಲ್ಲಿ ಒಂದೇ ಮೂಲದ ನೀರನ್ನು ಬಳಸಿ ಹಲವಾರು ಬಾಟಲಿಗಳಲ್ಲಿ ಮೀನು ಸಾಕುವವರು ಒಂದು ತಪ್ಪಿನಿಂದ ಇಡೀ ತಂಡವನ್ನೇ ಕಳೆದುಕೊಳ್ಳುವ ಸಂಭವವಿರುತ್ತದೆ.

2. ಹಾನಿಯ ವಿಧಗಳು ಮತ್ತು ಲಕ್ಷಣಗಳು

ಔಷಧಿ ಹಾಕುವ ಮೊದಲು ಹಾನಿಯ ಕಾರಣವನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಅ) ಹರಿದ ಗಾಯ: ಅಂಚು ಶುಭ್ರವಾಗಿದ್ದು ಬಣ್ಣ ಬದಲಾಗಿರುವುದಿಲ್ಲ. ಒರಟಾದ ಪ್ಲಾಸ್ಟಿಕ್ ಗಿಡ, ಚೂಪಾದ ಕಲ್ಲು ಅಥವಾ ಮತ್ತೊಂದು ಗಂಡು ಮೀನಿನೊಡನೆ ಕಾದಾಟ ಇದಕ್ಕೆ ಕಾರಣ.

ಆ) ಸ್ವಯಂ ಕಚ್ಚುವಿಕೆ: ಒಂದೇ ರಾತ್ರಿಯಲ್ಲಿ ಬಾಲದ ರೆಕ್ಕೆಯಲ್ಲಿ ಅರ್ಧಚಂದ್ರಾಕಾರದ ತುಂಡು ಕಾಣೆಯಾಗಿರುತ್ತದೆ. ಪಕ್ಕದ ಬಾಟಲಿಯ ಮೀನನ್ನು ಸದಾ ನೋಡುವಂತಿದ್ದಲ್ಲಿ ನಡುವೆ ರಟ್ಟು ಇಡುವುದು.

ಇ) ರೆಕ್ಕೆ ಕೊಳೆ ರೋಗ: ಅಂಚು ಕಪ್ಪು, ಕೆಂಪು ಅಥವಾ ಬಿಳಿಚಾಗಿ, ದಿನದಿಂದ ದಿನಕ್ಕೆ ಬುಡದ ಕಡೆಗೆ ಕರಗುತ್ತಾ ಹೋಗುತ್ತದೆ. ಏರೋಮೋನಾಸ್, ಸ್ಯೂಡೋಮೋನಾಸ್ ಮುಂತಾದ ಬ್ಯಾಕ್ಟೀರಿಯಾಗಳು ಇದನ್ನು ಉಂಟುಮಾಡುತ್ತವೆ. ಇವು ನೀರಿನಲ್ಲಿ ಸಾಮಾನ್ಯವಾಗಿ ಇರುವಂಥವು. ಕೆಟ್ಟ ನೀರಿನಿಂದ ಬಳಲಿದ ಮೀನಿಗೆ ಮಾತ್ರ ಸುಲಭವಾಗಿ ತಗಲುತ್ತವೆ.

ಈ) ಅಮೋನಿಯಾ ಬಾಧೆ: ಕಿವಿರು ಕೆಂಪಾಗುವುದು, ಮೀನು ಮೇಲ್ಮೈಯಲ್ಲಿ ಏದುಸಿರು ಬಿಡುವುದು, ರೆಕ್ಕೆಗಳನ್ನು ಮುದುಡಿಕೊಂಡಿರುವುದು. ಹಲವು ಬಾಟಲಿಗಳಲ್ಲಿ ಏಕಕಾಲಕ್ಕೆ ಕಂಡುಬಂದಲ್ಲಿ ನೀರನ್ನೇ ಮೊದಲು ಶಂಕಿಸತಕ್ಕದ್ದು.

ಉ) ಹೊಸ ಬೆಳವಣಿಗೆ: ಅಂಚಿನಲ್ಲಿ ಗಾಜಿನಂತೆ ಪಾರದರ್ಶಕವಾದ ತೆಳು ಪೊರೆ ಕಂಡುಬಂದರೆ ಅದು ರೋಗವಲ್ಲ, ರೆಕ್ಕೆ ಮರಳಿ ಬೆಳೆಯುತ್ತಿರುವ ಗುರುತು. ಈ ಹಂತದಲ್ಲಿ ಔಷಧಿ ಹಾಕಬಾರದು.

3. ನೀರಿನ ಅಪೇಕ್ಷಿತ ಗುಣಮಟ್ಟ

ಉಷ್ಣಾಂಶ 25 ರಿಂದ 28 ಡಿಗ್ರಿ ಸೆಲ್ಸಿಯಸ್. ರಸಸಾರ, ಅಂದರೆ ಪಿಹೆಚ್, 6.5 ರಿಂದ 7.5, ಅಮೋನಿಯಾ ಮತ್ತು ನೈಟ್ರೈಟ್ ಶೂನ್ಯ. ಒಂದು ಗಂಡು ಮೀನಿಗೆ ಕನಿಷ್ಠ 10 ಲೀಟರ್ ನೀರು ಒದಗಿಸುವುದು ಒಳ್ಳೆಯದು. ಅಲ್ಲಿ ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಾಯಿಸಬೇಕು. ಸಣ್ಣ ಬಾಟಲಿಗಳಲ್ಲಿ ತ್ಯಾಜ್ಯ ಬೇಗ ಸೇರುವುದರಿಂದ ಹೆಚ್ಚು ಬಾರಿ ಬದಲಾಯಿಸುವುದು ಅನಿವಾರ್ಯ.

4. ಸ್ಥಳೀಯವಾಗಿ ಗಮನಿಸಬೇಕಾದ ಅಂಶಗಳು

ಹೆಚ್ಚು ಮಳೆ ಬೀಳುವ ಈ ಪ್ರದೇಶದ ಮಣ್ಣು ಆಮ್ಲೀಯವಾಗಿದ್ದು, ಬಾವಿ ನೀರು ಸಾಮಾನ್ಯವಾಗಿ ಮೃದುವಾಗಿರುತ್ತದೆ. ಆದ್ದರಿಂದ:

• ಬಾವಿಯಿಂದ ಸೇದಿದ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು, ಗಾಳಿಯಾಡಿಸಿ ಬಳಸಬೇಕು. ಇದರಿಂದ ಕರಗಿದ ಇಂಗಾಲದ ಡೈ ಆಕ್ಸೈಡ್ ಹೊರಹೋಗುತ್ತದೆ.

• ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದಾಗ ಆ ನೀರನ್ನು ಕೂಡಲೇ ಬಳಸಬಾರದು. ನಲ್ಲಿ ನೀರಿನಲ್ಲಿಯೂ ಕ್ಲೋರಿನ್ ಇರುವುದರಿಂದ ಸೋಡಿಯಂ ಥಯೋಸಲ್ಫೇಟ್ ಬಳಸಿ ನಿವಾರಿಸಿಕೊಳ್ಳಬಹುದು.

• ಕಾಫಿ ಮತ್ತು ಕರಿಮೆಣಸಿಗೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ತಾಮ್ರವಿರುತ್ತದೆ. ಮೃದು ನೀರಿನಲ್ಲಿ ತಾಮ್ರವು ಮೀನಿಗೆ ಅತ್ಯಂತ ವಿಷಕಾರಿ. ಸಿಂಪಡಣೆಗೆ ಬಳಸಿದ ಡ್ರಮ್, ಬಕೆಟ್, ಪೈಪುಗಳನ್ನು ಎಷ್ಟೇ ತೊಳೆದಿದ್ದರೂ ಮೀನಿಗೆ ಬಳಸಬಾರದು. ಸಿಂಪಡಣೆಯ ದಿನಗಳಲ್ಲಿ ತೊಟ್ಟಿಗಳನ್ನು ಮುಚ್ಚಿಡತಕ್ಕದ್ದು.

• ಮಳೆಗಾಲ ಹಾಗೂ ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ನೀರು ತಣ್ಣಗಾಗಿ ಮೀನಿನ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ವಿದ್ಯುತ್ ಕಡಿತವಾದಾಗ ತೊಟ್ಟಿಯನ್ನು ಕಂಬಳಿ ಅಥವಾ ಥರ್ಮೋಕೋಲ್‌ನಿಂದ ಸುತ್ತಿ, ಮೇಲೆ ಗಾಳಿಗೆ ಜಾಗ ಬಿಡುವುದು. ಆ ಅವಧಿಯಲ್ಲಿ ಆಹಾರ ಕಡಿಮೆ ಮಾಡುವುದು.

• ಕಾಡುಬಾದಾಮಿ ಎಲೆ ರಸಸಾರವನ್ನು ಇನ್ನೂ ಇಳಿಸಬಹುದಾದ್ದರಿಂದ ಮಿತವಾಗಿ ಬಳಸತಕ್ಕದ್ದು.

5. ಸುಣ್ಣ ಬಳಕೆ ಕುರಿತು ವಿಶೇಷ ಎಚ್ಚರಿಕೆ

ತೋಟಕ್ಕೆ ಸುಣ್ಣ ಹಾಕುವ ರೂಢಿಯಿಂದ, ನೀರು ಹುಳಿಯಾಗಿದೆಯೆಂದು ತೊಟ್ಟಿಗೂ ಸುಣ್ಣ ಹಾಕುವುದುಂಟು. ಇದು ಅಪಾಯಕಾರಿ. ರಸಸಾರ 6ಕ್ಕಿಂತ ಕೆಳಗಿಳಿದಾಗ ತ್ಯಾಜ್ಯವನ್ನು ಶುದ್ಧಗೊಳಿಸುವ ಉಪಯುಕ್ತ ಬ್ಯಾಕ್ಟೀರಿಯಾಗಳ ಕೆಲಸ ಬಹಳ ನಿಧಾನವಾಗಿ, ಅಮೋನಿಯಾ ಸೇರುತ್ತಾ ಹೋಗುತ್ತದೆ. ಆಮ್ಲೀಯ ನೀರಿನಲ್ಲಿ ಅದರ ಬಹುಪಾಲು ಹೆಚ್ಚು ಹಾನಿ ಮಾಡದ ಅಮೋನಿಯಂ ರೂಪದಲ್ಲಿರುವುದರಿಂದ ಮೀನು ಆರೋಗ್ಯವಾಗಿಯೇ ತೋರುತ್ತದೆ. ರಸಸಾರ 1 ಅಂಶ ಏರಿದರೆ ವಿಷರೂಪದ ಅಮೋನಿಯಾ ಸುಮಾರು 10 ಪಟ್ಟು ಹೆಚ್ಚುತ್ತದೆ. 25 ಡಿಗ್ರಿಯಲ್ಲಿ ರಸಸಾರ 7 ಇದ್ದಾಗ ಒಟ್ಟು ಅಮೋನಿಯಾದ ಶೇ. 0.6ರಷ್ಟು ವಿಷರೂಪದಲ್ಲಿದ್ದರೆ, 8 ಇದ್ದಾಗ ಶೇ. 5ಕ್ಕೂ ಮೀರುತ್ತದೆ. ಹೀಗಾಗಿ ಸುಣ್ಣ ಹಾಕಿದ ಕೆಲವೇ ಗಂಟೆಗಳಲ್ಲಿ ಮೀನುಗಳು ಸಾಯಬಹುದು.

ಸರಿಯಾದ ಕ್ರಮ: ಮೊದಲು ಆಹಾರ ನಿಲ್ಲಿಸಿ, ಪ್ರತಿದಿನ ಸುಮಾರು ಶೇ. 10ರಷ್ಟು ನೀರನ್ನು ಬದಲಾಯಿಸುತ್ತಾ ಅಮೋನಿಯಾ ಇಳಿಸಬೇಕು. ಪರೀಕ್ಷೆಯಲ್ಲಿ ಅಮೋನಿಯಾ ಇಳಿದಿರುವುದು ಖಚಿತವಾದ ನಂತರವೇ ತೊಳೆದ ಚಿಪ್ಪಿನ ಚೂರುಗಳನ್ನು ಸಣ್ಣ ಬಲೆ ಚೀಲದಲ್ಲಿ ಇಟ್ಟು ರಸಸಾರವನ್ನು ನಿಧಾನವಾಗಿ ಏರಿಸಬೇಕು.

6. ಚಿಕಿತ್ಸೆ

ಹರಿದ ಗಾಯ ಹಾಗೂ ಪ್ರಾರಂಭಿಕ ಕೊಳೆ ರೋಗಕ್ಕೆ ಶುದ್ಧ ನೀರೇ ಮುಖ್ಯ ಚಿಕಿತ್ಸೆ. ಅಗತ್ಯವಿದ್ದಲ್ಲಿ ಮೀನನ್ನು ಪ್ರತ್ಯೇಕಿಸಿ, ಲೀಟರ್ ನೀರಿಗೆ 1 ರಿಂದ 2 ಗ್ರಾಂ ಕಲ್ಲುಪ್ಪನ್ನು ಮೊದಲೇ ಕರಗಿಸಿ ಸೇರಿಸಿ, 5 ರಿಂದ 7 ದಿನ ನಿಗಾ ಇಡುವುದು. ನೀರು ಬದಲಾಯಿಸುವಾಗ ತೆಗೆದ ನೀರಿನ ಪ್ರಮಾಣಕ್ಕೆ ಮಾತ್ರ ಉಪ್ಪು ಸೇರಿಸತಕ್ಕದ್ದು. ಕೊಳೆತ ರೆಕ್ಕೆಯ ಬುಡ ತಲುಪಿದಲ್ಲಿ ತಜ್ಞರ ಸಲಹೆ ಪಡೆಯಬೇಕು. ಸಲಹೆಯಿಲ್ಲದೆ ಪ್ರತಿಜೀವಕ ಔಷಧಿಗಳನ್ನು ಬಳಸಬಾರದು.

7. ಸಲಹೆ ಹಾಗೂ ಸಹಾಯಧನ

ಸಲಹೆಗಾಗಿ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರನ್ನು ಸಂಪರ್ಕಿಸಬಹುದು. ಭೇಟಿಯ ವೇಳೆ ನೀರಿನ ಮೂಲ, ಕೊನೆಯ ಬಾರಿ ನೀರು ಬದಲಾಯಿಸಿದ ದಿನಾಂಕ, ಹಾಕಿದ ಔಷಧಿ ಅಥವಾ ಸುಣ್ಣದ ವಿವರ, ಸತ್ತ ಮೀನುಗಳ ಸಂಖ್ಯೆ ಹಾಗೂ ಶುಭ್ರ ಬಾಟಲಿಯಲ್ಲಿ ನೀರಿನ ಮಾದರಿಯನ್ನು ತರುವುದು. 2020ರಲ್ಲಿ ಪ್ರಾರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ಮಾರ್ಗಸೂಚಿಯಲ್ಲಿ ಅಲಂಕಾರಿಕ ಮೀನು ಸಾಕಣೆ ಘಟಕಗಳಿಗೂ ನೆರವಿದ್ದು, ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ ಶೇ. 40 ಮತ್ತು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇ. 60ರ ಸಹಾಯಧನ ನಿಗದಿಪಡಿಸಲಾಗಿತ್ತು. ಅರ್ಜಿ ಸಲ್ಲಿಸುವ ಮುನ್ನ ಪ್ರಸಕ್ತ ಸಾಲಿನ ಲಭ್ಯತೆಯನ್ನು ವಿಚಾರಿಸಿ ತಿಳಿದುಕೊಳ್ಳತಕ್ಕದ್ದು.

8. ಸೂಚನೆ

ಬೇಡವಾದ ಅಥವಾ ರೋಗಪೀಡಿತ ಮೀನುಗಳನ್ನು ಲಕ್ಷ್ಮಣತೀರ್ಥ ಹೊಳೆಗಾಗಲಿ, ತೋಡು, ಕೆರೆ, ಗದ್ದೆಗಳಿಗಾಗಲಿ ಬಿಡಬಾರದು. ಸತ್ತ ಮೀನುಗಳನ್ನು ನೀರಿನ ಮೂಲಗಳಿಂದ ದೂರದಲ್ಲಿ ಹೂಳುವುದು.