ಅಜ್ಜಿ ಕದಲಲಿಲ್ಲ, ವಿಳಾಸ ಬದಲಾಯ್ತು!

ಹೋದ ತಿಂಗಳು ರಜೆ ಹಾಕಿ ಊರಿಗೆ ಹೋಗಿದ್ದೆ. ಅಜ್ಜಿಯನ್ನು ಕಲಬುರಗಿಯ ಆಸ್ಪತ್ರೆಗೆ ತೋರಿಸಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು. 2008ರಲ್ಲಿ ಕಣ್ಣಿನ ಆಪರೇಶನ್ ಆದಾಗ ಮಾಡಿಸಿದ್ದ ಕಾರ್ಡನ್ನು ಕೌಂಟರಿನಲ್ಲಿ ಕೊಟ್ಟರೆ, "ಇದು ಭಾಳ ಹಳೇದ್ರೀ, ಹೊಸಾ ಫಾರ್ಮ್ ತುಂಬ್ರಿ. ಇನ್ಮ್ಯಾಲೆ ವರ್ಷಕ್ಕೊಮ್ಮೆ ತುಂಬಬೇಕು" ಅಂತ ಒಂದು ಹಾಳೆ ಕೊಟ್ಟರು.

ಅಜ್ಜಿಗೆ ಸಿಟ್ಟು ಬಂತು. "ನಾ ಎಲ್ಲಿ ಹೋಗೀನೋ ತಮ್ಮಾ? ಅದೇ ಮನಿ, ಅದೇ ಕಟ್ಟಿ. ಮತ್ತ ಯಾಕ ಬರಸ್ತಾರ?"

ನನಗೂ ಹಾಗೇ ಅನ್ನಿಸಿತು. ಒಮ್ಮೆ ಕಂಪ್ಯೂಟರಿಗೆ ಹಾಕಿದ ಮೇಲೆ ಮುಗೀತಲ್ಲ! ಆದರೆ ವಿಳಾಸ ಬರೆಯುವಾಗ ಪೆನ್ನು ನಿಂತುಬಿಟ್ಟಿತು. ಹಳೇ ಕಾರ್ಡಿನಲ್ಲಿ 'ತಾ. ಸುರಪುರ, ಜಿ. ಗುಲಬರ್ಗಾ' ಅಂತಿದೆ. ಇವತ್ತು ಅವೆರಡೂ ತಪ್ಪು.

ನೋಡಿ, ನಮ್ಮ ಸೀಮೆಯ ಕಥೆ ಹೇಗಿದೆ ಅಂತ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ಎದುರು ಸೋತ ಮೇಲೆ, 1860ರಲ್ಲಿ ಸುರಪುರ ನಿಜಾಮರ ಪಾಲಾಯಿತು. ಅಜ್ಜಿ ಹುಟ್ಟಿದ್ದು ಆ ನಿಜಾಮರ ಕಾಲದ ಕೊನೆಯಲ್ಲಿ. 1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯದವರಾದೆವು, 1973ರಲ್ಲಿ ಅದೇ ಕರ್ನಾಟಕವಾಯಿತು. 2009ರ ಡಿಸೆಂಬರಿನಲ್ಲಿ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಗುಲಬರ್ಗಾದಿಂದ ಬೇರೆಯಾಗಿ ಯಾದಗಿರಿ ಜಿಲ್ಲೆಯಾಯಿತು. 2014ರಲ್ಲಿ ಗುಲಬರ್ಗಾ ಕಲಬುರಗಿಯಾಯಿತು. 2018ರ ಹೊತ್ತಿಗೆ ಈ ಮೂರು ತಾಲ್ಲೂಕುಗಳಿಂದ ಗುರುಮಠಕಲ್, ವಡಗೇರಾ, ಹುಣಸಗಿ ಬೇರೆಯಾದವು. ನಮ್ಮ ಹಳ್ಳಿ ಹುಣಸಗಿಗೆ ಹೋಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಅನ್ನುವ ಹೆಸರೂ ಕಲ್ಯಾಣ ಕರ್ನಾಟಕವಾಯಿತು.

ಅಜ್ಜಿ ಹುಟ್ಟಿದ್ದೂ ಮದುವೆಯಾಗಿದ್ದೂ ಒಂದೇ ಓಣಿಯಲ್ಲಿ. ಇಷ್ಟೆಲ್ಲ ಆದರೂ ಆಕೆ ಆ ಓಣಿ ಬಿಟ್ಟು ಕದಲಿಲ್ಲ!

ವಿಳಾಸ ತಪ್ಪಿದ್ದರೆ ಏನಾಯ್ತು, ಔಷಧಿ ಬದಲಾಗುತ್ತದೆಯೇ ಅಂತ ಕೇಳಬಹುದು. ಅದಕ್ಕೆ ನಮ್ಮ ಮನೆಯದೇ ಉದಾಹರಣೆ ಕೊಡುತ್ತೇನೆ. ಹೋದ ವರ್ಷ ಇದೇ ಕೌಂಟರಿನಲ್ಲಿ "ಏನರ ಬದಲಾಗೇದೇನ್ರೀ?" ಅಂತ ಕೇಳಿದ್ದರು. ಅಪ್ಪ "ಏನಿಲ್ರೀ" ಅಂದು ಸಹಿ ಹಾಕಿ ಬಂದಿದ್ದರು. ಸಂಜೆ ರಕ್ತದ ರಿಪೋರ್ಟ್ ಬಂದಾಗ ಸೋಡಿಯಂ ತೀರಾ ಕಡಿಮೆ ಇತ್ತು. ಆಸ್ಪತ್ರೆಯವರು ಫೋನ್ ಮಾಡಿದ್ದಾರೆ... ಕಾರ್ಡಿನಲ್ಲಿದ್ದ ಕಾಕಾನ ನಂಬರಿಗೆ. ಕಾಕಾ ಕಟ್ಟಡದ ಕೆಲಸಕ್ಕೆ ಪುಣೆಗೆ ಹೋಗಿ ನಂಬರ್ ಬದಲಿಸಿ ಯಾವ ಕಾಲವಾಗಿತ್ತೋ! ಮೂರನೇ ದಿನ ಅಜ್ಜಿ ನಮ್ಮ ಗುರುತೇ ಹಿಡಿಯದಂತಾದಾಗ ಓಡಿದೆವು. ಹೇಗೋ ಉಳಿದಳು. ತಪ್ಪು ನಮ್ಮದೇ.

ಖರ್ಚಿನ ಲೆಕ್ಕವೂ ಹಾಗೇ ಬದಲಾಗುತ್ತಿರುತ್ತದೆ. ಬಿಪಿಎಲ್ ಕುಟುಂಬಗಳಿಗೆ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಶುರುವಾಗಿದ್ದೇ ನಮ್ಮ ಗುಲಬರ್ಗಾ ವಿಭಾಗದಲ್ಲಿ. ಆಗ ಕುಟುಂಬಕ್ಕೆ ಒಂದೂವರೆ ಲಕ್ಷದವರೆಗೆ, ಬೇಕಾದರೆ ಇನ್ನೂ 50 ಸಾವಿರ. 2018ರಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಬಂದು ಬಿಪಿಎಲ್‌ಗೆ 5 ಲಕ್ಷ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30 ಅಂತಾಯಿತು. ರೈತರ ಯಶಸ್ವಿನಿ 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, ಆಮೇಲೆ ಮತ್ತೆ ಬಂತು. ಅಣ್ಣತಮ್ಮಂದಿರು ಬೇರೆಯಾದರೆ ರೇಶನ್ ಕಾರ್ಡೂ ಬೇರೆ. ಹಳೇ ಕಾರ್ಡಿನ ನಂಬರ್ ಇಟ್ಟುಕೊಂಡು ಹೊಸ ಯೋಜನೆಯ ದುಡ್ಡು ಕೇಳುವುದು ಹೇಗೆ?

ನಮ್ಮ ಡೇಟಾಬೇಸ್ ಭಾಷೆಯಲ್ಲಿ ಹೇಳಬೇಕೆಂದರೆ ಕೀ ಬೇರೆ, ಮಾಹಿತಿ ಬೇರೆ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ 1907ರಲ್ಲಿ ಹೆನ್ರಿ ಪ್ಲಮ್ಮರ್ ಎಂಬ ವೈದ್ಯರು ಒಬ್ಬ ರೋಗಿಗೆ ಒಂದೇ ನಂಬರ್, ಒಂದೇ ಫೈಲ್ ಅನ್ನುವ ಪದ್ಧತಿ ತಂದರು. ಅದಕ್ಕೂ ಮುಂಚೆ ಒಬ್ಬೊಬ್ಬ ಡಾಕ್ಟರದೂ ಒಂದೊಂದು ಲೆಡ್ಜರ್. ನಂಬರ್ ಸಾಯುವವರೆಗೂ ಅದೇ ಇರಬಹುದು. ಆದರೆ ಅದರ ಹಿಂದಿರುವ ಮನುಷ್ಯನ ಫೋನ್, ಊರು, ಗುಳಿಗೆ, ಜೊತೆಗಿರುವವರು ಯಾವುದೂ ಹಾಗೇ ಇರುವುದಿಲ್ಲ.

ಫಾರ್ಮಿನಲ್ಲಿ 'ಯಾವ ಔಷಧಿ ಆಗುವುದಿಲ್ಲ?' ಅಂತ ಒಂದು ಸಾಲಿತ್ತು. ಅಜ್ಜಿಯನ್ನು ಕೇಳಿದೆ. "ಸಲ್ಫಾ ಗುಳಿಗಿ ತಗೊಂಡಾಗ ಮೈಯೆಲ್ಲಾ ದದ್ದು ಎದ್ದಿತ್ತಲ್ಲೋ, ನೀ ಕಾಲೇಜಿಗೆ ಹೋಗೂ ಮುಂದ..." ಅಂದಳು. 2008ರ ಕಾರ್ಡಿಗೆ ಅದು ಹೇಗೆ ಗೊತ್ತಿರಬೇಕು? ಬರೆದೆ. ತಾ. ಹುಣಸಗಿ, ಜಿ. ಯಾದಗಿರಿ ಅಂತ ಬರೆದೆ. ಅಪ್ಪನ ನಂಬರ್, ಅದರ ಕೆಳಗೆ ನನ್ನ ನಂಬರ್ ಕೂಡ.

"ಈಗರೆ ಮುಗೀತೇನು?" ಅಂದಳು ಅಜ್ಜಿ.

"ಇಲ್ಲಬೇ, ಬರೂ ವರ್ಷ ಮತ್ತ ಕೇಳ್ತಾರ."

"ಕೇಳ್ಲಿ ಬಿಡು. ಬರೂ ವರ್ಷ ನಾ ಇರ್ತೀನಿ ಅಂತ ಅವರಿಗರೆ ನಂಬಿಕಿ ಐತಲ್ಲ!" ಅಂತ ನಕ್ಕಳು.

ಅಂದಹಾಗೆ, ನಿಮ್ಮ ಮನೆಯ ಹಿರಿಯರ ಆಸ್ಪತ್ರೆ ಕಾರ್ಡಿನಲ್ಲಿ ಯಾರ ನಂಬರ್ ಇದೆ? ಇವತ್ತೇ ಒಮ್ಮೆ ತೆಗೆದು ನೋಡಿ.